ಮನೆ ಗ್ಯಾರೇಜಿಗೆ ಯಾವ ಸ್ಟ್ಯಾಂಡ್? ಮೊದಲು ಬೈಕಿನ ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ಮನೇಲಿ ಬೈಕ್ ನಿಲ್ಲಿಸೋಕೆ ಪ್ಯಾಡಾಕ್ ಸ್ಟ್ಯಾಂಡ್ (ಬೈಕಿನ ಚಕ್ರ ನೆಲದಿಂದ ಎತ್ತಿ ನಿಲ್ಲಿಸೋ ಬಿಡಿ ಸ್ಟ್ಯಾಂಡ್) ತಗೋಬೇಕು ಅಂತಿದ್ದೀನಿ. ವಾರಗಟ್ಟಲೆ ಸೈಡ್ ಸ್ಟ್ಯಾಂಡಲ್ಲಿ ಬಿಟ್ರೆ ಹಿಂದಿನ ಶಾಕ್ ಅಬ್ಸಾರ್ಬರ್ ಸುಸ್ತಾಗಿ ಹೋಗುತ್ತಂತೆ, ಸ್ಟ್ಯಾಂಡ್ ಮೇಲೆ ಎತ್ತಿಟ್ರೆ ಅದಕ್ಕೆ ರೆಸ್ಟ್ ಸಿಗುತ್ತಂತೆ. ಯಾವುದು ಒಳ್ಳೇದು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲ ಸಾಲು ಮಾತ್ರ ಪ್ರತಿ ಸಲವೂ ಅದೇ: ಅಂಗಡಿಗೆ ಹೋಗುವ ಮುಂಚೆ ಬೈಕಿನ ಕೆಳಗೆ ಬಗ್ಗಿ ನೋಡಿ. ಸೆಂಟರ್ ಸ್ಟ್ಯಾಂಡ್ ಇದೆಯಾ? ಇದ್ದರೆ ನಿಮಗೆ ಇನ್ನೊಂದು ಬೇಕಾಗಿಲ್ಲ. ಚೈನ್ ತೊಳೆಯುವುದು, ಹಿಂದಿನ ಚಕ್ರ ಬಿಚ್ಚುವುದು ಎಲ್ಲ ಅದರ ಮೇಲೇ ಆಗುತ್ತದೆ.

ಇಲ್ಲದಿದ್ದರೆ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ನೋಡಿ. ಆಕ್ಸಲ್ (ಚಕ್ರದ ನಡುವಿನ ಅಚ್ಚು) ಹತ್ತಿರ ಎರಡೂ ಬದಿಯಲ್ಲಿ ಬೋಲ್ಟ್ ಕೂರುವ ತೂತು ಇದ್ದರೆ ಅದೃಷ್ಟ. ಅಲ್ಲಿ ಸ್ಪೂಲ್ (ಸ್ಟ್ಯಾಂಡಿನ ಕೊಕ್ಕೆ ಸಿಕ್ಕಿಕೊಳ್ಳುವ ಪುಟ್ಟ ಉರುಳೆ) ಹಾಕಿ, 'ವಿ' ಆಕಾರದ ಕೊಕ್ಕೆ ಇರುವ ಸ್ಟ್ಯಾಂಡ್ ತಗೊಳ್ಳಿ. ಬೋಲ್ಟ್ ಸಾಮಾನ್ಯವಾಗಿ 6, 8 ಅಥವಾ 10 ಮಿ.ಮೀ. ಇರುತ್ತದೆ. ಯಾವುದು ಅಂತ ಮ್ಯಾನ್ಯುಯಲ್ ನೋಡಿ ತಿಳ್ಕೊಳ್ಳಿ, ಅಂದಾಜಿಗೆ ತಂದು ತಿರುಗಿಸಿ ಥ್ರೆಡ್ ಕೆಡಿಸಿಕೊಳ್ಳಬೇಡಿ. ತೂತೇ ಇಲ್ಲವಾ, ಹಾಗಾದರೆ ಸ್ವಿಂಗ್ ಆರ್ಮಿನ ಅಡಿಗೆ ಕೂರುವ ರಬ್ಬರ್ ಪ್ಯಾಡಿನ ಸ್ಟ್ಯಾಂಡ್. ಕೊಕ್ಕೆಯಷ್ಟು ಗಟ್ಟಿ ಹಿಡಿತ ಇಲ್ಲ, ಆದರೆ ಕೆಲಸ ನಡೆಯುತ್ತದೆ. ಡುಕಾಟಿ 916 ತರಹ ಒಂದೇ ಬದಿಗೆ ತೋಳಿರುವ ಬೈಕಾದರೆ ಆಕ್ಸಲ್ ಒಳಗೆ ಪಿನ್ ತೂರಿಸುವ ಬೇರೆಯೇ ಸ್ಟ್ಯಾಂಡ್ ಬೇಕು. ಆ ಪಿನ್ನಿನ ದಪ್ಪ ಬೈಕಿನಿಂದ ಬೈಕಿಗೆ ಬೇರೆ.

ಈಗ ಆ 'ರೆಸ್ಟ್' ವಿಷಯಕ್ಕೆ ಬರೋಣ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಂದು ಸಲ.

ಪ್ಯಾಡಾಕ್ ಸ್ಟ್ಯಾಂಡ್ ಬೈಕನ್ನು ಎಲ್ಲಿ ಹಿಡಿದು ಎತ್ತುತ್ತದೆ? ಸ್ವಿಂಗ್ ಆರ್ಮಿನ ಹಿಂದಿನ ತುದಿಯಲ್ಲಿ, ಅಂದರೆ ಚಕ್ರ ಕೂತಿರುವ ಜಾಗದಲ್ಲೇ. ಶಾಕ್ ಅಬ್ಸಾರ್ಬರ್ ಇರುವುದು ಸ್ವಿಂಗ್ ಆರ್ಮಿಗೂ ಫ್ರೇಮಿಗೂ ನಡುವೆ. ಹಾಗಾದರೆ ಫ್ರೇಮು, ಎಂಜಿನ್ನು, ಟ್ಯಾಂಕು, ಸೀಟು ಇವುಗಳ ಹಿಂದಿನ ಪಾಲಿನ ಭಾರ ಈಗ ಯಾವುದರ ಮೇಲೆ ಕೂತಿದೆ? ಅದೇ ಶಾಕ್ ಮೇಲೆ. ಮುಂಚೆ ಕೆಳಗೆ ಟೈರ್ ಇತ್ತು, ಈಗ ಕಬ್ಬಿಣದ ಪೈಪ್ ಇದೆ, ಅಷ್ಟೇ ವ್ಯತ್ಯಾಸ. ರೆಸ್ಟ್ ಸಿಕ್ಕಿದ್ದು ಟೈರಿಗೆ.

ನಂಬಿಕೆ ಇಲ್ಲದಿದ್ದರೆ ಒಂದು ಟೇಪ್ ತನ್ನಿ. ಯಾರಾದರೂ ಬೈಕನ್ನು ನೆಟ್ಟಗೆ ಹಿಡಿದಿರಲಿ, ಯಾರೂ ಮೇಲೆ ಕೂರಬಾರದು. ಹಿಂದಿನ ಆಕ್ಸಲ್ ನಟ್ಟಿನ ಮಧ್ಯದಿಂದ ನೇರ ಮೇಲೆ, ಸೀಟಿನ ಕೆಳಗೆ ಪೆನ್ನಲ್ಲಿ ಒಂದು ಚುಕ್ಕೆ ಇಟ್ಟು ಅಲ್ಲಿಯವರೆಗೆ ಅಳೆಯಿರಿ. ಆಮೇಲೆ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಎತ್ತಿ ಮತ್ತೆ ಅಳೆಯಿರಿ. ಹೆಚ್ಚುಕಡಿಮೆ ಅದೇ ಅಳತೆ ಬರುತ್ತದೆ. ಸೆಂಟರ್ ಸ್ಟ್ಯಾಂಡ್ ಇರುವ ಬೈಕಿನಲ್ಲಿ ಇದೇ ಮಾಡಿ ನೋಡಿ: ಅದು ಫ್ರೇಮನ್ನೇ ಎತ್ತುವುದರಿಂದ ಚಕ್ರ ಕೆಳಗೆ ಜೋತುಬೀಳುತ್ತದೆ, ಅಳತೆ ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಗುತ್ತದೆ.

ಇನ್ನೂ ಒಂದು ಮಾತು. ಚಕ್ರ ಜೋತುಬಿದ್ದಾಗಲೂ ಸ್ಪ್ರಿಂಗ್ ಪೂರ್ತಿ ಸಡಿಲ ಆಗುವುದಿಲ್ಲ. ಪ್ರಿಲೋಡ್ ಅಂತ ಒಂದಿದೆ ಅಲ್ವಾ, ಅದು ಸ್ಪ್ರಿಂಗನ್ನು ಜೋಡಿಸುವಾಗಲೇ ಒಂದಿಷ್ಟು ಒತ್ತಿ ಕೂರಿಸಿರುತ್ತದೆ. ಅಂದರೆ ನಿಮ್ಮ ಸ್ಪ್ರಿಂಗ್ ಹುಟ್ಟಿದಾಗಿನಿಂದ ರೆಸ್ಟನ್ನೇ ಕಂಡಿಲ್ಲ! ಅದಕ್ಕೆ ಬೇಕಾಗಿಯೂ ಇಲ್ಲ. ಇಬ್ಬರು ಕೂತು ಗುಂಡಿಗೆ ಇಳಿಸಿದಾಗಿನ ಒತ್ತಡವನ್ನು ತಡೆಯೋಕೆ ಮಾಡಿದ ಉಕ್ಕು, ಖಾಲಿ ಬೈಕ್ ಹೊತ್ತುಕೊಂಡು ಸುಮ್ನೆ ನಿಂತರೆ ಸೋಲುವುದಿಲ್ಲ. ಶಾಕ್ ಹಾಳಾಗುವುದು ಓಡಿಸಿ: ಒಳಗಿನ ಎಣ್ಣೆ ಹಳತಾಗಿ, ಸೀಲ್ ಸವೆದು.

ಹಾಗಾದರೆ ಸ್ಟ್ಯಾಂಡ್ ವೇಸ್ಟಾ ಅಂತ ಕೇಳಬೇಡಿ. ಚೈನಿಗೆ ಎಣ್ಣೆ ಹಾಕುವಾಗ ಚಕ್ರ ತಿರುಗಬೇಕಲ್ಲ, ಅದಕ್ಕೇ ಸ್ಟ್ಯಾಂಡ್. ಮುಂದಿನ ಚಕ್ರವನ್ನೂ ಬಿಚ್ಚುವವರಿಗೆ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕಾಲಿನ) ಕೆಳತುದಿ ಎತ್ತುವ ಫ್ರಂಟ್ ಸ್ಟ್ಯಾಂಡ್ ಸಾಕು. ಫೋರ್ಕನ್ನೇ ಇಳಿಸುವುದಾದರೆ ಮಾತ್ರ ಸ್ಟೀರಿಂಗ್ ಕೆಳಗಿನ ತೂತಿಗೆ ಪಿನ್ ಕೊಟ್ಟು ಎತ್ತುವಂಥದ್ದು ಬೇಕು. ಯಾವುದೇ ಆದರೂ ಹಿಂದಿನದು ಮೊದಲು, ಮುಂದಿನದು ಆಮೇಲೆ. ಇಳಿಸುವಾಗ ಉಲ್ಟಾ.

ಎತ್ತುವಾಗ ಸೈಡ್ ಸ್ಟ್ಯಾಂಡ್ ಮಡಚಬೇಡಿ. ನಾನು ಒಮ್ಮೆ ನೀಟಾಗಿ ಕಾಣಲಿ ಅಂತ ಮೊದಲೇ ಮಡಚಿ ಎತ್ತೋಕೆ ಹೋದೆ. ಒಂದು ಕೊಕ್ಕೆ ಸ್ಪೂಲಿಗೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ, ಬೈಕ್ ಎಡಕ್ಕೆ ಮಲಗಿತು, ಕ್ಲಚ್ ಲಿವರ್ ಕೈಗೆ ಬಂತು. ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಲಿ. ಮಣ್ಣಿನ ಮೇಲೆ ಸ್ಟ್ಯಾಂಡಿನ ಪುಟ್ಟ ಗಾಲಿಗಳು ಹೂತುಕೊಳ್ಳುತ್ತವೆ. ಎತ್ತಿದ ಮೇಲೆ ಮುಂದಿನ ಬ್ರೇಕ್ ಲಿವರಿಗೆ ಒಂದು ರಬ್ಬರ್ ಪಟ್ಟಿ ಸುತ್ತಿ. 'ಗೇರಲ್ಲಿ ಇಟ್ಟಿದ್ದೀನಿ, ಜರುಗಲ್ಲ' ಅನ್ನುವವರಿಗೆ: ಹಿಂದಿನ ಚಕ್ರ ಗಾಳಿಯಲ್ಲಿದೆ ಸ್ವಾಮಿ, ಗೇರು ಯಾವುದನ್ನು ಹಿಡಿಯಬೇಕು?

ನೀವು ಕೇಳಲಿಲ್ಲ, ಆದರೆ ಸ್ಟ್ಯಾಂಡ್ ಬಂದ ದಿನವೇ ಚೈನ್ ಬಿಗಿ ಮಾಡೋಕೆ ಕೂರುತ್ತೀರಿ ಅಂತ ಗೊತ್ತು. ಮೇಲೆ ಹೇಳಿದ ಅಳತೆಯ ಕಥೆ ಇಲ್ಲೂ ಬರುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಸ್ವಿಂಗ್ ಆರ್ಮಿನ ಪಿವಟ್ (ಅದು ಫ್ರೇಮಿಗೆ ಸೇರುವ ಕೀಲು), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಚಕ್ರ ಜೋತುಬಿದ್ದಾಗ ಅದೇ ಚೈನ್ ಸಡಿಲವಾಗಿ ಕಾಣುತ್ತದೆ. ಅದಕ್ಕೇ ಕೆಲವು ಕಂಪನಿ ಸೈಡ್ ಸ್ಟ್ಯಾಂಡಲ್ಲಿ ಅಳೆಯಿರಿ ಅನ್ನುತ್ತವೆ, ಕೆಲವು ಚಕ್ರ ಎತ್ತಿ ಅಳೆಯಿರಿ ಅನ್ನುತ್ತವೆ. ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತದೋ ಹಾಗೇ ಮಾಡಿ, ಪಕ್ಕದವರ ಬೈಕಿನ ಅಳತೆ ತರಬೇಡಿ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗಕ್ಕೆ ಹೊಂದಿಸಿ. ತಿರುಗಿಸುವುದು ಕೈಯಲ್ಲಿ, ನ್ಯೂಟ್ರಲ್ಲಿನಲ್ಲಿ, ಎಂಜಿನ್ ಆಫ್ ಮಾಡಿ. ಗೇರ್ ಹಾಕಿ ಚಕ್ರ ಓಡಿಸುತ್ತಾ ಚೈನಿಗೆ ಬಟ್ಟೆ ಹಿಡಿದರೆ ಬಟ್ಟೆಯ ಹಿಂದೆ ಬೆರಳೂ ಸ್ಪ್ರಾಕೆಟ್ ಒಳಗೆ ಹೋಗುತ್ತದೆ.