ಮನೆ ಕೊಳ್ಳುವ ಮುನ್ನ ಒಳಗಿರುವವರನ್ನು ಕೇಳಿ

"ಬಾಡಿಗೆದಾರರು ಇದ್ದಾರೆ, ಮೊದಲ ತಿಂಗಳಿಂದಲೇ ಬಾಡಿಗೆ ಬರುತ್ತೆ." ಮಾರುವವರು ಹೀಗೆ ಹೇಳಿದರೆ ಯಾರಿಗಾದರೂ ಖುಷಿಯೇ. ಆದರೆ ಕಾಗದಪತ್ರ ಹಿಡಿದು ನನ್ನ ಬಳಿ ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಒಳಗಿರುವವರ ಜೊತೆ ಮಾತಾಡಿದ್ದೀರಾ? ಎಷ್ಟೋ ಜನ ಮಾತಾಡಿರುವುದಿಲ್ಲ.

ಮಾಲೀಕರು ಬದಲಾದರೂ ಬಾಡಿಗೆ ಕರಾರು ಸಾಮಾನ್ಯವಾಗಿ ಮುಂದುವರಿಯುತ್ತದೆ. ಇನ್ನೂ 14 ತಿಂಗಳು ಬಾಕಿ ಇದ್ದರೆ ಅಷ್ಟೂ ತಿಂಗಳು ಅದೇ ಬಾಡಿಗೆ, ಅದೇ ಷರತ್ತು. ನೀವೇ ವಾಸಕ್ಕೆ ಹೋಗುವವರಾದರೆ, ಮನೆ ಖಾಲಿ ಮಾಡಿಸಿ ಕೊಡುವ ಹೊಣೆ ಮಾರುವವರದ್ದು ಎಂದು ಒಪ್ಪಂದದಲ್ಲೇ ಬರೆಸಿ. ಕರಾರು ಅದಕ್ಕೆ ಅವಕಾಶ ಕೊಡುತ್ತದಾ ಅಂತಲೂ ನೋಡಿ.

ಒಮ್ಮೆ ಕೊಳ್ಳುವವರ ಜೊತೆ ನಾನೂ ಮನೆ ನೋಡಲು ಹೋಗಿದ್ದೆ. ಮಾರುವವರು ಕೊಟ್ಟ ಲೆಕ್ಕದಲ್ಲಿ ಏನೂ ಕೊರತೆ ಕಾಣಲಿಲ್ಲ. ಬಾಡಿಗೆಗಿದ್ದ ಹೆಂಗಸು ಒಳಗಿನಿಂದ ಒಂದು ನೋಟ್‌ಬುಕ್ ತಂದು, ಪಿನ್ ಹೊಡೆದಿಟ್ಟ ರಸೀದಿ ತೋರಿಸಿದರು. ಮುಂದಿನ 4 ತಿಂಗಳ ಬಾಡಿಗೆಯನ್ನು ಮಾಲೀಕರು ಆಗಲೇ ತೆಗೆದುಕೊಂಡಿದ್ದರು! ಆ ರಸೀದಿ ನೋಡದೆ ಹೋಗಿದ್ದರೆ ಹೊಸ ಮಾಲೀಕರಿಗೂ ಆ ಹೆಂಗಸಿಗೂ ಸುಮ್ನೆ ಜಗಳ ಆಗುತ್ತಿತ್ತು, ಅಲ್ವಾ?

ಅದಕ್ಕೇ ಬಾಡಿಗೆದಾರರಿಂದ ಒಂದು ಪುಟ ಬರೆಸಿ ಸಹಿ ಹಾಕಿಸಿಕೊಳ್ಳಿ ಎನ್ನುತ್ತೇನೆ. ಬಾಡಿಗೆ ಎಷ್ಟು, ಎಲ್ಲಿಯವರೆಗೆ ಕಟ್ಟಿದ್ದಾರೆ, ಠೇವಣಿ ಎಷ್ಟು, ಕರಾರು ಯಾವಾಗ ಮುಗಿಯುತ್ತೆ, ಬಾಯಿಮಾತಿನಲ್ಲಿ ಏನಾದರೂ ಒಪ್ಪಿಕೊಂಡಿದ್ದಾರಾ. ಕೊನೆಯದು ಬಹಳ ಮುಖ್ಯ. "ರಿಪೇರಿ ಖರ್ಚು ಬಾಡಿಗೆಯಲ್ಲಿ ಕಳೆದುಕೊಳ್ಳಿ" ಎಂಬಂಥ ಮಾತು ಯಾವ ಕರಾರಿನಲ್ಲೂ ಇರುವುದಿಲ್ಲ. ಮಾರುವವರ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಜಾಸ್ತಿ ಬೆಲೆಗೆ ಮಾರಲೆಂದು ನೆಂಟರನ್ನೇ ಕೂರಿಸಿ ದೊಡ್ಡ ಬಾಡಿಗೆ ತೋರಿಸುವವರೂ ಇದ್ದಾರೆ.

ಠೇವಣಿ ಬಾಡಿಗೆದಾರರ ಹಣ. ಅವರು ಮನೆ ಬಿಡುವ ದಿನ ನಿಮ್ಮನ್ನೇ ಕೇಳುತ್ತಾರೆ. ಆದ್ದರಿಂದ ಅಷ್ಟನ್ನು ಕ್ರಯದ ಹಣದಲ್ಲೇ ಮುರಿದುಕೊಂಡು, ಒಪ್ಪಂದದಲ್ಲಿ ನಮೂದಿಸಿ. ಆ ತಿಂಗಳ ಬಾಡಿಗೆಯೂ ಹಾಗೆಯೇ. 30,000 ಬಾಡಿಗೆಯನ್ನು ಮಾರುವವರು 1ನೇ ತಾರೀಖೇ ಪಡೆದು, 11ಕ್ಕೆ ಮನೆ ನಿಮ್ಮ ಹೆಸರಿಗೆ ಬಂದರೆ, 30 ದಿನದ ತಿಂಗಳಲ್ಲಿ 20,000 ನಿಮ್ಮ ಪಾಲು.

ನೋಂದಣಿ ಮುಗಿದ ದಿನವೇ, ಮಾರುವವರೂ ನೀವೂ ಸಹಿ ಹಾಕಿದ ಪತ್ರ ಬಾಡಿಗೆದಾರರ ಕೈ ಸೇರಬೇಕು. ಇನ್ನು ಮುಂದೆ ಬಾಡಿಗೆ ಯಾವ ಖಾತೆಗೆ, ಠೇವಣಿ ಯಾರ ಬಳಿ ಎಂಬುದು ಅದರಲ್ಲಿರಲಿ. ಆಗುವುದಾದರೆ ನೀವೇ ಹೋಗಿ ಕೊಡಿ. ಮನೆ ಬಿಡಿಸುತ್ತಾರೇನೋ ಎಂಬ ಭಯದಲ್ಲಿ ಅವರು ವಾರಗಟ್ಟಲೆ ಕಾದಿರುತ್ತಾರೆ. ಸೋರುವ ನಲ್ಲಿ ಯಾವುದು ಅಂತ ಆವತ್ತೇ ಕೇಳಿ ಬರೆದುಕೊಳ್ಳಿ.