ಸ್ಕ್ಯಾನಿಂಗ್‌ನ ಅಲ್ಟ್ರಾಸೌಂಡ್‌ಗೂ ಅದಿರಿಗೂ ಏನು ಸಂಬಂಧ?

ಪ್ರಶ್ನೆ: ಅದಿರು ಸಂಸ್ಕರಿಸಲು ಅಲ್ಟ್ರಾಸೌಂಡ್ ಬಳಸುತ್ತಾರಂತೆ. ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಇರುವುದೂ ಇದೇನಾ? ಶಬ್ದಕ್ಕೆ ಕಲ್ಲು ಪುಡಿಯಾಗುವುದಾದರೆ ಅರೆಯುವ ಯಂತ್ರಗಳೇಕೆ?

ಉತ್ತರ: ಹೆಸರು ಒಂದೇ, ಕೆಲಸ ಬೇರೆ. ಸ್ಕ್ಯಾನಿಂಗ್‌ನ ಅಲೆ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಕಂಪಿಸುತ್ತದೆ, ಬಲ ಕಡಿಮೆ. ಅದಿರಿಗೆ ಬೇಕಾದದ್ದು ಸಾಮಾನ್ಯವಾಗಿ 20ರಿಂದ 40 ಕಿಲೋಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 20ರಿಂದ 40 ಸಾವಿರ ಸಲ ಕಂಪಿಸುವ, ಬಲವಾದ ಅಲೆ. ಅದು ಕಲ್ಲು ಒಡೆಯಲು ಬರುವುದಿಲ್ಲ, ಅದಿರಿನ ಕಣಗಳ ಮೈ ತೊಳೆಯಲು ಬರುತ್ತದೆ.

ಅದಿರಿನ ಪುಡಿ ಬೆರೆತ ನೀರಿನಲ್ಲಿ ಅಲೆ ಸಾಗುವಾಗ ನೀರಿನ ಒತ್ತಡ ಏರಿಳಿಯುತ್ತದೆ. ಇಳಿದಾಗ ಸೂಕ್ಷ್ಮ ಗುಳ್ಳೆಗಳು ಹಿಗ್ಗುತ್ತವೆ, ಏರಿದಾಗ ಥಟ್ಟನೆ ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಕ್ಷಣಾರ್ಧ ಸುಮಾರು 5,000 ಕೆಲ್ವಿನ್ ಉಷ್ಣತೆ! ದೊಡ್ಡ ಕಣದ ಪಕ್ಕದಲ್ಲಿ ಕುಸಿದರೆ ನೀರಿನ ಸಣ್ಣ ಚಿಲುಮೆ ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಅದರ ಮೈಗೆ ಬಡಿಯುತ್ತದೆ. ಸಣ್ಣ ಕಣಗಳಾದರೆ ಆಘಾತದ ಅಲೆಗೆ ಸಿಕ್ಕಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಂಬಿಕೆ ಬರದಿದ್ದರೆ, ಚಿನ್ನದಂಗಡಿಯಲ್ಲಿ ಒಡವೆ ತೊಳೆಯುವ ಪುಟ್ಟ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ತುಂಡೊಂದನ್ನು ಇಳಿಬಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲೇ ಅದರ ಮೈತುಂಬ ಕುಳಿಗಳೂ ತೂತುಗಳೂ ಮೂಡುತ್ತವೆ.

ಮೈ ತೊಳೆದರೆ ಏನು ಬಂತು? ರಾಜಸ್ಥಾನದ ಖೇತ್ರಿಯ ತಾಮ್ರದ ಅದಿರನ್ನು ಬೇರ್ಪಡಿಸುವುದು ಫ್ಲೋಟೇಶನ್ ವಿಧಾನದಿಂದ. ಈ ವಿಧಾನದಲ್ಲಿ ಅದಿರನ್ನು ನೀರಿನೊಂದಿಗೆ ನುಣ್ಣಗೆ ಅರೆದು, ಆ ರಾಡಿಗೆ ಕ್ಸಾಂಥೇಟ್‌ನಂಥ ರಾಸಾಯನಿಕ ಬೆರೆಸಿ ಗಾಳಿ ಊದುತ್ತಾರೆ. ರಾಸಾಯನಿಕ ಹಿಡಿದುಕೊಂಡ ಖನಿಜದ ಕಣ ಗಾಳಿಗುಳ್ಳೆಗೆ ಅಂಟಿ ನೊರೆಯಾಗಿ ಮೇಲೇರುತ್ತದೆ, ಕಲ್ಲಿನ ಪುಡಿ ಕೆಳಗುಳಿಯುತ್ತದೆ. ಕಣದ ಮೈಗೆ ಜೇಡಿಮಣ್ಣು ಮೆತ್ತಿದ್ದರೆ ಅಥವಾ ಗಾಳಿಗೆ ಒಡ್ಡಿಕೊಂಡು ಆಕ್ಸೈಡ್ ಪೊರೆ ಕಟ್ಟಿದ್ದರೆ ಕ್ಸಾಂಥೇಟ್‌ಗೆ ಹಿಡಿತ ಸಿಗುವುದಿಲ್ಲ. ಒಳ್ಳೆಯ ತಾಮ್ರವೂ ತ್ಯಾಜ್ಯದ ಪಾಲು. ಅಲ್ಟ್ರಾಸೌಂಡ್ ಕಳಚುವುದು ಈ ಪೊರೆಯನ್ನೇ. ಕಬ್ಬಿಣದ ಅದಿರಿನ ಸಣ್ಣ ಕಣಗಳಿಗೆ ಮೆತ್ತಿದ ಜೇಡಿ ಬಿಡಿಸುವುದಕ್ಕೂ ಇದೇ ತತ್ವ.

ಹಾಗಾದರೆ ಎಲ್ಲ ಕಾರ್ಖಾನೆಗಳಲ್ಲೂ ಏಕಿಲ್ಲ? ಗಟ್ಟಿ ರಾಡಿಯಲ್ಲಿ ಅಲೆ ಬಹುಬೇಗ ಸೊರಗುತ್ತದೆ. ಪ್ರಯೋಗಾಲಯದ ಬೀಕರಿನಲ್ಲಿ ಗೆದ್ದದ್ದು ಗಂಟೆಗೆ ನೂರಾರು ಟನ್ ಹರಿಯುವ ಕಡೆ ಸೋಲಬಹುದು. ಕಂಪನ ಕೊಡುವ ಟೈಟಾನಿಯಂ ತುದಿಯನ್ನೂ ಅದೇ ಗುಳ್ಳೆಗಳು ಕೊರೆಯುತ್ತವೆ. ಅತಿಯಾಗಿ ತೊಳೆದರೆ ಮೆದು ಖನಿಜ ಸವೆದು ಇನ್ನಷ್ಟು ನುಣ್ಣನೆಯ ಕೆಸರಾಗುತ್ತದೆ. ಇಡೀ ಅದಿರನ್ನು ಅಲ್ಟ್ರಾಸೌಂಡ್‌ನಿಂದಲೇ ಅರೆಯಲು ಹೊರಟರಂತೂ ಕರೆಂಟ್ ಬಿಲ್ಲೇ ಲಾಭ ನುಂಗುತ್ತದೆ. ಆದ್ದರಿಂದ ಅರೆಯುವ ಯಂತ್ರಗಳು ಎಲ್ಲಿಗೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಇದರ ಜಾಗ ಅರೆದ ಮೇಲೆ, ಫ್ಲೋಟೇಶನ್‌ಗೆ ಮುಂಚೆ, ಕೆಲವೇ ನಿಮಿಷ. ಅದೂ ಪೊರೆ ಕಟ್ಟಿದ ಅದಿರಿಗೆ ಮಾತ್ರ.