ಎರಡು ಪ್ರವಾಹ, ಒಂದೇ ಗದ್ದಲ: ಅಧ್ಯಯನ ಟಿಪ್ಪಣಿ

ಗೋವಾದ ದೋನಾ ಪಾವ್ಲಾದಲ್ಲಿ ನಿಂತರೆ ಜುವಾರಿ ನದಿ ಸಮುದ್ರ ಸೇರುವುದು ಕಾಣುತ್ತದೆ. ಗುಡ್ಡದ ಆಚೆ ಬದಿಗೆ ಮಾಂಡೋವಿ, ಅಂದರೆ ಖಾನಾಪುರದ ಕಡೆಯಿಂದ ಬರುವ ನಮ್ಮ ಮಹದಾಯಿ. ಘಟ್ಟದಲ್ಲಿ ಮಳೆ ಜೋರಾದರೆ ಎರಡೂ ಕೆಂಪಾಗುತ್ತವೆ. ಒಂದು ಇನ್ನೊಂದಕ್ಕೆ ಹೇಳಿ ಕಳಿಸಿದ್ದಲ್ಲ, ಮಳೆ ಒಂದೇ ಅಷ್ಟೆ.

ಸಮುದ್ರದೊಳಗೆ ನದಿಯಂತೆ ಹರಿಯುವ ನೀರಿಗೆ ಪ್ರವಾಹ ಅನ್ನುತ್ತಾರೆ. ದೂರದೂರದ ಎರಡು ಪ್ರವಾಹಗಳಲ್ಲೂ ಹೀಗೆ ಆಗಬಹುದು. ದಿನದಿನದ ಗಾಳಿ, ಬಿಸಿಲು, ಮೋಡ ಗೊತ್ತುಗುರಿಯಿಲ್ಲದ ಗದ್ದಲ. ಸಮುದ್ರ ಈ ಗದ್ದಲವನ್ನು ಕೂಡಿಸಿಕೊಳ್ಳುತ್ತಾ ಹೋಗಿ ನಿಧಾನವಾದ ಏರಿಳಿತ ಮಾಡುತ್ತದೆ ಎಂದು 1976ರಲ್ಲಿ ಹವಾಮಾನ ವಿಜ್ಞಾನಿ ಕ್ಲಾಸ್ ಹ್ಯಾಸೆಲ್‌ಮನ್ ತೋರಿಸಿದರು. 2021ರ ಭೌತವಿಜ್ಞಾನ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಆದರೆ ಸಮುದ್ರ ಹಳೆಯದನ್ನು ಸ್ವಲ್ಪ ಸ್ವಲ್ಪ ಮರೆಯುತ್ತದೆ ಕೂಡ. ನಮಗೆ ಬೇಕಾದ್ದು ಆ ಮರೆವೇ.

ವಾಸ್ಕೋದ ರೂಮಿನಲ್ಲಿ ಇದನ್ನು ಚೌಕಾಬಾರದ ಕವಡೆ ಹಿಡಿದು ಮಾಡಿ ನೋಡಿದೆವು. ನೀವೂ ಮಾಡಿ. ಸಾಲು ಅಂದರೆ ಒಂದೊಂದು ಸಮುದ್ರ, ಗರ ಅಂದರೆ ಗಾಳಿ ಮಳೆಯ ಗದ್ದಲ, ಅರ್ಧ ಮಾಡುವುದೇ ಮರೆವು. ಒಂದು ಸಾಲು 100ರಿಂದ, ಇನ್ನೊಂದು 20ರಿಂದ ಶುರು. ಪ್ರತಿ ಸಲ ಎರಡನ್ನೂ ಅರ್ಧ ಮಾಡಿ, ಬಿದ್ದ ಗರ ಕೂಡಿಸಿ. 3 ಬಿತ್ತು: 53, 13. ಆಮೇಲೆ 1: 27.5, 7.5. ಆಮೇಲೆ 4: 17.75, 7.75. ವ್ಯತ್ಯಾಸ ನೋಡಿ: 80, 40, 20, 10. ಗರ ಎರಡಕ್ಕೂ ಒಂದೇ ಆದ್ದರಿಂದ ಕಳೆಯುವಾಗ ಅದು ಹಾರಿಹೋಗುತ್ತದೆ. ಉಳಿಯುವುದು ಮೊದಲಿನ ಅಂತರ ಮಾತ್ರ, ಅದೂ ಅರ್ಧ ಅರ್ಧ ಕರಗುತ್ತದೆ. ಕೊನೆಗೆ ಎರಡೂ ಸಾಲು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಆದರೆ ಮುಂದಿನ ಗರ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ! ನನಗೆ ಇದೇ ತುಂಬಾ ಚೆಂದ ಅನಿಸಿದ್ದು. ಸಾಲಿಗೊಂದು ಬೇರೆ ಗರ ಹಾಕಿದರೆ ಈ ಹೊಂದಾಣಿಕೆ ಇರುವುದಿಲ್ಲ.

ಈಗ ನಿಜವಾದ ಸಮುದ್ರಕ್ಕೆ ಬರೋಣ. ಎರಡು ಬೆಚ್ಚಗಿನ ಪ್ರವಾಹಗಳಿವೆ: ಅಟ್ಲಾಂಟಿಕ್‌ನಲ್ಲಿ ಗಲ್ಫ್ ಸ್ಟ್ರೀಮ್, ಪೆಸಿಫಿಕ್‌ನಲ್ಲಿ ಜಪಾನ್ ಪಕ್ಕದ ಕುರೋಶಿಯೊ. ಇವೆರಡರ ಮೇಲ್ಮೈ ನೀರಿನ ಬಿಸಿ ವರ್ಷಗಟ್ಟಲೆಯ ಲೆಕ್ಕದಲ್ಲಿ ಜೊತೆಜೊತೆಗೆ ಏರಿಳಿಯುತ್ತದೆ ಎಂದು 2021ರಲ್ಲಿ ತ್ಸುಬಾಸಾ ಕೊಹ್ಯಾಮಾ ಮತ್ತು ಜೊತೆಗಾರರು ಪ್ರಕಟಿಸಿದರು. ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಗಾಳಿಯ ಪಟ್ಟಿ ಉತ್ತರ ದಕ್ಷಿಣಕ್ಕೆ ಸರಿಯುವುದಕ್ಕೂ ಇದಕ್ಕೂ ನಂಟಿದೆ.

ಹಾಗಾದರೆ ಇದೂ ಸುಮ್ನೆ ಕವಡೆಯಾಟವಾ? ಅಲ್ಲಿ ಅವಸರ ಬೇಡ. ಮಾಂಡೋವಿ, ಜುವಾರಿ ನಡುವೆ ಕುಂಬಾರ್ಜುವಾ ಕಾಲುವೆ ಇದೆ, ಅಲ್ವಾ? ಮಳೆಯ ಜೊತೆ ಅದೂ ನೀರನ್ನು ಅತ್ತಿತ್ತ ಒಯ್ಯುತ್ತದೆ. ಹಾಗೇ ಬೆಚ್ಚಗಿನ ಸಮುದ್ರವೂ ತಿರುಗಿ ಗಾಳಿಯನ್ನು ಅಲುಗಿಸಬಲ್ಲದು. ಪ್ರವಾಹಗಳ ವಿವರ ಸಿಗುವಂತೆ ಸಮುದ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಲೆಕ್ಕ ಹಾಕುವ ಕಂಪ್ಯೂಟರ್ ಹವಾಮಾನ ಮಾದರಿಗಳಲ್ಲಿ ಈ ಹೊಂದಾಣಿಕೆ ಕಂಡುಬಂತು. ಹಾಗಾಗಿ ಗಾಳಿ ಬಂದು ತಟ್ಟಿದ್ದನ್ನಷ್ಟೇ ಅಲ್ಲ, ಪ್ರವಾಹಗಳು ಗಾಳಿಗೆ ಏನು ಹಿಂದಿರುಗಿಸುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.